ಅಂಟಿಸಿ ಮುಚ್ಚಿದ ಅಭಿಪ್ರಾಯ

ಲೈಬ್ರರಿ ಮಾಮನ ಬಲಗೈ ಹೆಬ್ಬೆರಳ ಮೇಲೆ ಸದಾ ಮೈದಾ ಅಂಟು ಒಣಗಿ ಪೊರೆಗಟ್ಟಿರುತ್ತಿತ್ತು. ಮಾತಾಡುತ್ತಲೇ ಅದನ್ನು ಉಗುರಿನಿಂದ ಸುಲಿಯುವುದು ಅವರ ಚಾಳಿ. ಮದರಾಸಿನ ರಾಯಪುರದ ನಮ್ಮ ಬೀದಿಯಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದ ಅವರು ಪ್ರತಿ ಕಾಮಿಕ್ಸಿನ ಹಿಂದಿನ ರಟ್ಟಿನ ಒಳಗೆ ಒಂದು ಬಿಳಿ ಹಾಳೆ ಅಂಟಿಸುತ್ತಿದ್ದರು. ಓದಿದವರು ಅದರಲ್ಲಿ ಸದಸ್ಯ ಸಂಖ್ಯೆ ಹಾಕಿ ಅಭಿಪ್ರಾಯ ಬರೆಯಬೇಕು. ಬರೆಯದವರಿಗೆ ಮುಂದಿನ ಪುಸ್ತಕವಿಲ್ಲ. ಓದದೆ ಬರೆದವರನ್ನು ಅವರು ಒಂದೇ ನೋಟಕ್ಕೆ ಹಿಡಿಯುತ್ತಿದ್ದರು. ಆ ಸಾಲಿನ ಕೆಳಗೆ ಕೆಂಪು ಬಾಲ್‌ಪೆನ್ನಿನಲ್ಲಿ "ಓದಿಲ್ಲ. ಸದಸ್ಯತ್ವ ರದ್ದು" ಎಂದು ಬರೆದರೆ ಮುಗಿಯಿತು, ಯಾರು ಬಂದು ಕೈಮುಗಿದರೂ ಜಗ್ಗುತ್ತಿರಲಿಲ್ಲ.

ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ವೈಷ್ಣವರ ಮನೆಯ ಕನ್ನಡ ಅವರದು, ಅರ್ಧ ತಮಿಳು. "ಸುಮ್ಮಾ ಸೂಪರ್ ಅಂತ ಬರೀಬೇಡ ಕಣ್ಣಾ. ಯಾಕೆ ಸೂಪರ್, ಅದನ್ನ ಹೇಳು," ಎನ್ನುತ್ತಿದ್ದರು. ಹಾಳೆ ತುಂಬಿದರೆ ಒದ್ದೆ ಬಟ್ಟೆ ಒತ್ತಿ, ಹರಿಯದಂತೆ ಎಬ್ಬಿಸಿ, ಹೊಸದನ್ನು ಅಂಟಿಸುವುದನ್ನು ನನಗೂ ಕಲಿಸಿದ್ದರು.

ತೊಂಬತ್ತೊಂಬತ್ತರಲ್ಲಿ, ನಾನು ಹತ್ತನೇ ತರಗತಿಯಲ್ಲಿದ್ದಾಗ, ಒಂದು ಇಂಗ್ಲಿಷ್ ಕಾಮಿಕ್ಸ್ ಬಂತು. ಆಕಾಶದಲ್ಲಿ ಹಾರಾಡುವ ವೀರನೊಬ್ಬನಿಗೆ ತನಗೊಬ್ಬ ಮಗನಿದ್ದಾನೆಂದು ಹದಿನೈದು ವರ್ಷದ ಮೇಲೆ ತಿಳಿಯುತ್ತದೆ. ಕೊನೆಯ ಪುಟದಲ್ಲಿ ಇಬ್ಬರೂ ತಬ್ಬಿಕೊಳ್ಳುತ್ತಾರೆ. ಓದುಗರೆಲ್ಲ ಕರಗಿ ನೀರಾಗಿದ್ದರು. "ಕಣ್ಣೀರು ಬಂತು" ಎಂದು ಒಬ್ಬರು, "ಮಗನಿಗೂ ಒಂದು ಕೆಂಪು ಮೇಲಂಗಿ ಕೊಡಬೇಕಿತ್ತು" ಎಂದು ಇನ್ನೊಬ್ಬರು. ನಾನು ಬರೆದೆ: "ಗೊತ್ತಿರಲಿಲ್ಲ ಅನ್ನುವವನು ಹದಿನೈದು ವರ್ಷ ವಿಚಾರಿಸಲೂ ಇಲ್ಲ. ಮಗ ಅವನನ್ನು ಮಾಳಿಗೆಯಿಂದ ನೂಕಬೇಕಿತ್ತು." ಮಾಮ ಅದನ್ನು ಎರಡು ಸಲ ಓದಿದರು. "ನೀನು ಓದಿದ್ದೀಯ," ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮೆಚ್ಚುಗೆ ಬರುತ್ತಿರಲಿಲ್ಲ.

ನನ್ನ ಅಪ್ಪ ನಾನು ಹುಟ್ಟುವ ಮೊದಲೇ ಅಮ್ಮನನ್ನು ಬಿಟ್ಟು ಹೋಗಿದ್ದ. ಅಮ್ಮ ಬರೆದ ಮೂರು ಕಾಗದಕ್ಕೂ ಉತ್ತರ ಬಂದಿರಲಿಲ್ಲ. ಆ ವರ್ಷ ಗೊತ್ತಾಯಿತು, ಅವನಿದ್ದದ್ದು ತಿರುವೊಟ್ಟಿಯೂರಿನ ಕಾರ್ಖಾನೆಯೊಂದರಲ್ಲಿ, ನಮ್ಮಿಂದ ಒಂದೇ ಬಸ್ಸಿನ ದೂರದಲ್ಲಿ. ಎರಡನೇ ಹೆಂಡತಿಗೆ ಹೆಣ್ಣುಮಕ್ಕಳೇ ಆದ ಮೇಲೆ, ಮಗನೊಬ್ಬನಿದ್ದಾನೆಂಬ ಸುದ್ದಿ ಅವನಿಗೆ ಮುಟ್ಟಿತ್ತಂತೆ. ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದ. "ಮನೆಗೆ ಮಾತ್ರ ಬೇಡ," ಎಂದಳು ಅಮ್ಮ. ಹಾಗಾಗಿ ಭೇಟಿ ಮಾಮನ ಅಂಗಡಿಯ ಬೆಂಚಿನ ಮೇಲಾಯಿತು.

"ನಂಗೆ ಗೊತ್ತೇ ಇರ್ಲಿಲ್ಲ ಕಣಪ್ಪ," ಎಂದ. ನಾನು ಆ ಕಾಮಿಕ್ಸನ್ನು ಅವನ ಕೈಗಿಟ್ಟೆ. ನನ್ನ ಸಾಲು ಅವನ ಕಣ್ಣಿಗೆ ಚುಚ್ಚಬೇಕೆಂದು ಎಷ್ಟು ಕಾದಿದ್ದೆ! ಮಾಮ ಅವನಿಗೊಂದು ಸದಸ್ಯ ಸಂಖ್ಯೆ ಕೊಟ್ಟರು. "ಓದಿ ಬರೀರಿ ಸಾರ್. ಇಲ್ಲಿ ಪದ್ಧತಿ ಅದು." ಅವನು ಸರಸರ ಪುಟ ಮಗುಚಿ, ಕೊನೆಯಲ್ಲಿ ಏನೋ ಗೀಚಿ, ಗಡಿಯಾರ ನೋಡಿಕೊಂಡು ಎದ್ದು ಹೋದ. ನಾನು ಕೈ ಹಾಕುವಷ್ಟರಲ್ಲಿ ಮಾಮ ಪುಸ್ತಕ ಕಿತ್ತುಕೊಂಡು ಓದಿದರು. ನನಗೆ ಬೆನ್ನು ಹಾಕಿ ಕೂತು, ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿಯೇಬಿಟ್ಟರು.

"ತೋರ್ಸಿ ಮಾಮ!"

"ವೇಂಡಾಂ ಕಣ್ಣಾ, ಬೇಡ. ಬೈಯೋದಿದ್ರೆ ನನ್ನ ಬೈಯಿ."

ಬೈದೆ. ಬಾಯಿಗೆ ಬಂದಂತೆ ಬೈದೆ. ಅಪ್ಪ ಮತ್ತೆ ಬರಲಿಲ್ಲ. ಕಾಗದದ ಅಡಿಯಲ್ಲಿ ಅವನು ಕ್ಷಮೆ ಕೇಳಿದ್ದಾನೆ, ಮಾಮ ಅದನ್ನು ನನ್ನಿಂದ ಕದ್ದರು ಎಂದೇ ನಂಬಿದೆ. ಸೇಡಿಗೆ ನನ್ನ ಬಳಿಯಿದ್ದ ಅವರ ಪುಸ್ತಕಗಳನ್ನು ಹಿಂದಿರುಗಿಸಲಿಲ್ಲ. ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಎಂಟು ವರ್ಷ ಹೀಗೆ ನಡೆಯಿತು. ಅವರು ಒಮ್ಮೆಯೂ ಪುಸ್ತಕ ಕೇಳಲಿಲ್ಲ, ನನ್ನ ಸದಸ್ಯತ್ವ ರದ್ದು ಮಾಡಲೂ ಇಲ್ಲ. ಅಂಗಡಿಯ ಬಾಗಿಲಲ್ಲಿ ನಿಂತು, ಹೆಬ್ಬೆರಳು ಸುಲಿಯುತ್ತ, ನಾನು ಹೋಗುವುದನ್ನು ನೋಡುತ್ತಿದ್ದರು.

ಅವರು ತೀರಿಕೊಂಡು ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗಳು ಆ ಕಾಮಿಕ್ಸ್ ತಂದುಕೊಟ್ಟಳು. "ನಿಮ್ಗೇ ಕೊಡ್ಬೇಕೂಂತ ಅಪ್ಪ ಹೇಳಿದ್ರು. ಈಗ ತಾಳ್ಕೋತಾನೆ, ಅಂದ್ರು."

ಅವರು ಕಲಿಸಿದಂತೆಯೇ ಒದ್ದೆ ಬಟ್ಟೆ ಒತ್ತಿ ಕಾಗದ ಎಬ್ಬಿಸಿದೆ. ನನ್ನ ಸಾಲಿನ ಕೆಳಗೆ ಅಪ್ಪನ ಅಕ್ಷರ: "ಚಿತ್ರಗಳು ಚೆನ್ನಾಗಿವೆ. ಕಾಗದ ಗಟ್ಟಿ."

ಹಗೆ ಸಾಧಿಸಬೇಕಾದವನನ್ನು ಬಿಟ್ಟು, ಎಂಟು ವರ್ಷ ಇವರ ಮೇಲೆ ಸಾಧಿಸಿದ್ದೆ. ಇವರು ಸುಮ್ಮನೆ ಸಹಿಸಿಕೊಂಡಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಪ್ಪನ ಮೇಲಿನ ಸಿಟ್ಟು ಮಾತ್ರ ಇಂದಿಗೂ ಆರಿಲ್ಲ, ಆರಿಸುವ ಮನಸ್ಸೂ ನನಗಿಲ್ಲ. ಆದರೆ ಆ ಸೇಡನ್ನು ಮಾಮ ಅಂದೇ ತೀರಿಸಿಬಿಟ್ಟಿದ್ದರು. ಅಪ್ಪನ ಸಾಲಿನ ಕೆಳಗೆ, ಹಾಳೆ ಹರಿಯುವಷ್ಟು ಒತ್ತಿ, ಕೆಂಪು ಬಾಲ್‌ಪೆನ್ನಿನಲ್ಲಿ ಬರೆದಿತ್ತು: "ಓದಿಲ್ಲ. ಸದಸ್ಯತ್ವ ರದ್ದು."