ತಾನಾಗಿ ಹತ್ತಿದ ಸ್ಟೇಷನ್

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಏನಾದರೊಂದು ನೆವ ತೆಗೆದು ಎದ್ದಿದ್ದೇನೆ. ದೆವ್ವ, ಗಾಳಿ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಮೆಟ್ರಿಕ್ ಮುಗಿಸಿ ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಂತೇ ವಯಸ್ಸು ಕಳೆದೆ. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ ಎಂದು ನಂಬಿದ್ದೆ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ, ನಮ್ಮ ಮಾತಿನಲ್ಲಿ ವೈನಿ, ನವಲಗುಂದ ಕಡೆಯ ಹಳ್ಳಿಯಿಂದ ಪುಣೆಯ ಕೊಂಢವಾದಲ್ಲಿನ ನಮ್ಮ ಮನೆಗೆ ಬಂದಳು. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ಆಕೆಯೇ. ಮರಾಠಿ ಬಾರದ ಆಕೆಗೆ ಪುಣೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ರೇಡಿಯೋದಲ್ಲಿ ಸಣ್ಣಗೆ ಕೇಳುವ ಧಾರವಾಡ ಸ್ಟೇಷನ್ನೊಂದೇ ಆಸರೆ. ಮುಳ್ಳು ಎಲ್ಲಿ ನಿಲ್ಲಬೇಕೆಂದು ಗಾಜಿನ ಮೇಲೆ ಎಲೆಯಡಿಕೆ ಸುಣ್ಣದ ಚುಕ್ಕೆ ಇಟ್ಟುಕೊಂಡಿದ್ದಳು.

ಆ ರೇಡಿಯೋ ಕೆಟ್ಟಾಗ ನಾನು ಹೊಸದು ತಂದೆ. ಅದಕ್ಕೆ ಮುಳ್ಳಿಲ್ಲ, ಫೋನಿನಂತೆ ಗುಂಡಿಗಳು. ಸ್ಟೇಷನ್ನಿನ ಮೂರು ಅಂಕಿ ಒತ್ತಿದರೆ ನೇರ ಆ ಸ್ಟೇಷನ್ನೇ. ವೈನಿಗೆ ಅಂಕಿ ಓದಲು ಬಾರದು. ಧಾರವಾಡ ಹಚ್ಚುವಾಗ ನನ್ನ ಬೆರಳು ನೋಡಿಟ್ಟುಕೊಂಡು ಮೊದಲು ಒತ್ತುವ ಗುಂಡಿಗೆ ಒಂದು, ಆಮೇಲಿನದಕ್ಕೆ ಎರಡು, ಕೊನೆಯದಕ್ಕೆ ಮೂರು ಸುಣ್ಣದ ಚುಕ್ಕೆ ಇಟ್ಟಳು.

ಚಹಾಕ್ಕೆ ಬಂದ ಕಾರ್ಖಾನೆಯ ನಮ್ಮ ಕಡೆಯ ಗೆಳೆಯರಲ್ಲೊಬ್ಬ ಅದನ್ನು ನೋಡಿ, "ಏನ್ರೀ, ರೇಡಿಯೋಕ್ಕ ಸಿಡುಬು ಎದ್ದದೇನ್ರಿ?" ಎಂದ. ಎಲ್ಲರೂ ನಕ್ಕರು. ನಾನು ಅವರೆದುರೇ ಚುಕ್ಕೆ ಒರೆಸುತ್ತ, ಚಹಾ ತಂದ ವೈನಿಗೆ, "ಓದಾಕ ಬರೂದಿಲ್ಲಂದ್ರ ಮುಟ್ಟೂದ್ಯಾಕ? ನನ್ನ ಮಾನ ಕಳೀಲಿಕ್ಕ ಬಂದಿಯೇನು?" ಎಂದೆ.

"ಆತಪಾ, ಇನ್ನ ಮುಟ್ಟೂದಿಲ್ಲ. ನೀವು ಚಾ ಕುಡೀರಿ," ಎಂದು ವೈನಿ ಒಳಗೆ ಹೋದಳು.

ಮತ್ತೆ ಮುಟ್ಟಲಿಲ್ಲ. ಹಚ್ಚಿಕೊಡು ಎಂದೂ ಕೇಳಲಿಲ್ಲ. ಸ್ವಲ್ಪ ದಿನಕ್ಕೆ ಊರಿಗೆ ಹೊರಟುಹೋದಳು, ಅಲ್ಲಿಯೇ ತೀರಿಕೊಂಡಳು.

ಅದಾಗಿ ಕೆಲವು ತಿಂಗಳಿಗೆ, ಒಂದು ಸಂಜೆ ಮನೆಯಲ್ಲಿ ನಾನೊಬ್ಬನೇ ಇದ್ದೆ. ಕಿಟಕಿಯ ಹತ್ತಿರ ಕೂತು ಮರಾಠಿ ಸುದ್ದಿ ಕೇಳುತ್ತಿದ್ದೆ. ರೇಡಿಯೋ ಆಚೆ ಗೋಡೆಯ ಕಪಾಟಿನ ಮೇಲಿತ್ತು. 'ಟಿಕ್' ಎಂದಿತು. ಸುದ್ದಿ ನಿಂತಿತು. ಪರದೆಯ ಮೇಲೆ ಒಂದು ಅಂಕಿ ಬಂತು. ತುಸು ತಡೆದು ಇನ್ನೊಂದು, ಅದು ತಪ್ಪು. ಎರಡೂ ಅಳಿಸಿಹೋದವು. ಮತ್ತೆ ಮೊದಲಿನಿಂದ, ಯಾರೋ ಬೆರಳಿಂದ ಹುಡುಕಿ ಹುಡುಕಿ ಒತ್ತಿದಂತೆ. ಕೊನೆಯ ಅಂಕಿ ಬಿದ್ದದ್ದೇ ಧಾರವಾಡ ಹತ್ತಿತು. ಯಾರೋ ಹೆಣ್ಣುಮಗಳು ಜೋಗುಳ ಹಾಡುತ್ತಿದ್ದಳು.

"ವೈನಿ, ತಪ್ಪಾತು" ಎಂಬುದು ಬಾಯಿವರೆಗೆ ಬಂದಿತ್ತು. ಆದರೆ ನಾನು ಹೆದರಿ, ಓಡಿಹೋಗಿ ಪ್ಲಗ್ ಕಿತ್ತೆ.

ರಿಪೇರಿಯವನು ಬಿಚ್ಚಿ ನೋಡಿ, "ಕಾಕಾ, ಕಾಹೀ ಖರಾಬ್ ನಾಹೀ," ಎಂದ. ಏನೂ ಕೆಟ್ಟಿರಲಿಲ್ಲ. ಗುಂಡಿ ತಾನಾಗಿ ಒತ್ತಿಕೊಂಡಿರಬಹುದು ಎನ್ನಿ, ಒಪ್ಪುತ್ತೇನೆ. ಆದರೆ ತಪ್ಪಿ, ಅಳಿಸಿ, ಮತ್ತೆ ಸರಿಯಾಗಿ ಒತ್ತಿದ್ದು ಹೇಗೆ? ಇಂದಿಗೂ ನನಗೆ ತಿಳಿದಿಲ್ಲ.

ಈಗ ಸಂಜೆಯಾದರೆ ಯಾವುದೋ ಸ್ಟೇಷನ್ ಹಚ್ಚಿಟ್ಟು ದೂರ ಕೂಡುತ್ತೇನೆ. ಧಾರವಾಡವನ್ನು ನಾನಾಗಿ ಹಚ್ಚುವುದಿಲ್ಲ, ಕಾಯುತ್ತೇನೆ. ಇನ್ನೊಮ್ಮೆ ಬಂದರೆ ಏಳುವುದಿಲ್ಲ, ಕೂತಲ್ಲಿಂದಲೇ ಆ ಮಾತು ಹೇಳಿಬಿಡುತ್ತೇನೆ. ಹಿರಿಯಳೆಂದು ವೈನಿಯನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ. ಇಲ್ಲಿಯಾದರೂ ಬರೆಯುತ್ತೇನೆ: ಆಕೆ ನೀಲವ್ವ.