ಗುಂಡಿ ತೋಡುವವನ ಅನ್ನ

ಕೋ ತಾ ದುನ್ ಸತ್ತನೆಂದು ಏಳನೆಯ ದಿನದ ದಾನ ಮುಗಿದಿತ್ತು. ಚಿಟ್ಟೆಯಾಗಿ ಮನೆಯಲ್ಲೇ ಸುಳಿದಾಡುತ್ತಿದ್ದ ಅವನ ಜೀವವನ್ನು ‘ಹೋಗಿ ಬಾ’ ಎನ್ನದೆ, ‘ಹೋಗು’ ಎಂದಷ್ಟೇ ಹೇಳಿ ಕಳಿಸಿಕೊಟ್ಟಿದ್ದರು. ತಾಯಿ ಅವನ ಲುಂಗಿಗಳನ್ನು ಮಠಕ್ಕೆ ಕೊಟ್ಟಿದ್ದಳು. ಇಷ್ಟೆಲ್ಲ ಆದಮೇಲೆ ಕೋ ತಾ ದುನ್ ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ಊರಿಗೆ ಬಂದ.

ಅವನ ಹೆಂಡತಿ ಮಾ ಪ್ವಾ ಮಗುವಿಗೆ ಹಾಲು ಕುಡಿಸುತ್ತಿದ್ದವಳು ಎದೆಯನ್ನೂ ಸರಿಯಾಗಿ ಮುಚ್ಚಿಕೊಳ್ಳದೆ ಓಡಿದಳು. ಐರಾವತಿ ದಡದ ಆ ಊರಿಗೆ ಸುತ್ತ ಮುಳ್ಳಿನ ಬೇಲಿ, ಇರುವುದು ಒಂದೇ ಬಾಗಿಲು. ಬಾಗಿಲು ಆಗಲೇ ಮುಚ್ಚಿತ್ತು. ಅದರ ಮುಂದೆ ಊರ ಹಿರಿಯ ಊ ಷ್ವೆ ಓ ಚುಟ್ಟಾ ಕಚ್ಚಿಕೊಂಡು ನಿಂತಿದ್ದ. ಬಿದಿರಿನ ಸಂದಿಯಿಂದ ಅವಳಿಗೆ ಗಾಡಿ ಕಂಡಿತು. ಗಂಡನ ಎಡಗಣ್ಣಿನ ಕೆಳಗೆ ಇಂಗ್ಲಿಷರ ಗುಂಡು ಹೊಕ್ಕ ತೂತು. ಎಲ್ಲಿಂದಲೂ ಹೊರಬಂದ ಗುರುತಿಲ್ಲ. ಅರ್ಧ ಮುಖ ಕುಂಬಳಕಾಯಿಯಂತೆ ಊದಿ ನೊಣ ಮುತ್ತಿತ್ತು. ಅಯ್ಯೋ, ನೊಣ ಓಡಿಸುವವರೂ ಇಲ್ಲವಲ್ಲ ಎಂಬುದೇ ಅವಳಿಗೆ ಮೊದಲು ತೋಚಿದ್ದು.

“ಇವ್ನು ಸತ್ತ ಅಂತ ಹೇಳಿದ್ಯಲ್ಲೋ!” ಎಂದು ಊ ಷ್ವೆ ಓ ಪಕ್ಕದಲ್ಲಿದ್ದ ಲು ಗಲೇಯ ಕಡೆ ತಿರುಗಿದ. ಲು ಗಲೇಯೂ ಕೋ ತಾ ದುನ್ ಜೊತೆ ಇಂಗ್ಲಿಷರ ಮೇಲೆ ಹೋದ ದಂಡಿನಲ್ಲಿದ್ದು ಮೈಗೆ ಗೀರೂ ಆಗದೆ ಬಂದವನು.

“ಹೆಣದ ಗುಂಡೀಲಿ ಮಲಗಿದ್ದ, ಗಾಯದಲ್ಲಿ ಹುಳ ಆಗಿತ್ತು. ಇನ್ನೇನಂತ ಹೇಳ್ಲಿ?” ಎಂದ ಲು ಗಲೇ. “ಎದೆಗೆ ಬಿದ್ದಿದ್ರೆ ತಡೀತಿತ್ತು. ಮಂತ್ರಿಸಿದ ಬೆಳ್ಳಿ ಗುಳಿಗೆ ಎದೆ ಚರ್ಮದಲ್ಲಿ ಮಾತ್ರ ಹೂಳಿಸ್ಕೊಂಡ, ಮುಖಕ್ಕೆ ಬೇಡ ಅಂದ. ಜಿಪುಣ.”

ಇಬ್ಬರು ಮೂವರು ನಕ್ಕರು.

“ಬಾಗಿಲು ತೆಗೀರಿ ಹಿರೀಕರೇ, ಉಸಿರಾಡ್ತಾನೆ,” ಎಂದಳು ಮಾ ಪ್ವಾ.

“ಈಗ ಆಡ್ತಾನೆ. ಸಂಜೆಗೆ? ಹೊರಗಡೆ ಸತ್ತೋರ ಹೆಣ ಒಳಗೆ ತರೋ ಹಾಗಿಲ್ಲ ಅಂತ ನಿಂಗೆ ಗೊತ್ತಿಲ್ವೇನಮ್ಮ? ಬಂದೋನು ಊರಿನ ಕೂಸುಗಳನ್ನ ಒಂದೊಂದಾಗಿ ಕರ್ಕೊಂಡು ಹೋಗ್ತಾನೆ. ನಿನ್ನ ಕಂಕುಳಲ್ಲೂ ಒಂದಿದೆ, ನೆನಪಿಟ್ಕೋ.”

ಮಾ ಪ್ವಾ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು. ಅದಕ್ಕೆ ಆಗಷ್ಟೇ ಕೆಳಗಿನ ಹಲ್ಲು ಮೂಡುತ್ತಿತ್ತು.

“ನಡ್ಕೊಂಡು ಬರ್ಲಿ, ನಾನೇ ಬಾಗಿಲು ತೆಗೀತೀನಿ,” ಎಂದ ಊ ಷ್ವೆ ಓ. “ಹೊತ್ತು ತಂದಿದ್ದು ಹೆಣ, ನಡೆದು ಬಂದಿದ್ದು ಮನುಷ್ಯ. ಅಲ್ಲೀವರೆಗೂ ಪೋ ಟೊ ಗುಡಿಸ್ಲಲ್ಲಿ ಬಿದ್ದಿರ್ಲಿ.”

ಪೋ ಟೊ ಸ್ಮಶಾನದಲ್ಲಿ ಗುಂಡಿ ತೋಡುವ ಮುದುಕ. ಅವನ ಜನ ಬಾಗಿಲು ದಾಟಿ ಒಳಗೆ ಬರುವಂತಿಲ್ಲ. ಅವರ ಪಾತ್ರೆಯಲ್ಲಿ ನೀರು ಕುಡಿದವರೂ ಇಲ್ಲ.

“ಸೂರಿನಡಿ ಮಲಗ್ಲಿ, ತಪ್ಪಿಲ್ಲ,” ಎಂದು ಹಿರಿಯ ಎಚ್ಚರಿಸಿದ. “ಪೋ ಟೊ ಅನ್ನ ಮಾತ್ರ ಮುಟ್ಟಕೂಡ್ದು. ಮುಟ್ಟಿದ್ರೆ ಅವ್ರ ಪೈಕಿ. ಅವ್ನೂ, ಅವ್ನ ಜೊತೆ ಇರೋರೂ.”

ಅಂದಿನಿಂದ ಮಾ ಪ್ವಾಳ ಬದುಕೆಲ್ಲ ಒಂದು ಅನ್ನದ ಗಡಿಗೆಯಾಯಿತು. ಬೆಳಗ್ಗೆ ಮಗುವನ್ನು ಅತ್ತೆಯ ಕೈಗಿಟ್ಟು ಗಂಜಿ, ಅರಿಶಿನ, ಬಟ್ಟೆ ಹಿಡಿದು ಸ್ಮಶಾನಕ್ಕೆ ಹೋಗುವಳು. ಗಾಯದ ಕೀವು ಹಿಂಡಿ ತೆಗೆಯುವಳು. ಅವನು ಬೈಯುವನು, ಉಗಿಯುವನು, ಒಮ್ಮೆ ಅವಳ ಕೈ ಕಚ್ಚಿಯೂಬಿಟ್ಟ. ಹಿಂತಿರುಗುವಾಗ ಹೊಳೆಯಲ್ಲಿ ಕೈಯನ್ನು ಮರಳು ಹಾಕಿ ಉಜ್ಜುವಳು, ಕೀವು ಎಲ್ಲಿ ಮಗುವಿಗೆ ತಗುಲೀತೋ ಎಂದು. ಮತ್ತೂ ಸಮಾಧಾನವಾಗದೆ ಇನ್ನೊಮ್ಮೆ ಉಜ್ಜುವಳು.

ಅವನು ಸಾಯಲಿಲ್ಲ. ಮಳೆಗಾಲದ ನಡುವೆ ಎದ್ದು ಕೂತ. ಆದರೆ ಗುಂಡು ತಲೆಯೊಳಗೆ ಏನನ್ನು ಕೆಡಿಸಿತ್ತೋ, ಮನಸ್ಸಿಗೆ ಬಂದದ್ದು ತಡೆಯಿಲ್ಲದೆ ಬಾಯಿಗೆ ಬರುತ್ತಿತ್ತು. “ನೀನು ಮುದುಕಿ ಥರಾ ಆಗಿದ್ದೀಯ,” ಎನ್ನುವನು. “ಹೆಣಗಳ ಜೊತೆ ಬೆಚ್ಚಗಿತ್ತು,” ಎನ್ನುವನು.

ಆಗ ಮಗುವಿಗೆ ಜ್ವರ ಬಂತು. ಮೈ ಕಾದ ಹೆಂಚು. ಕಣ್ಣು ಮೇಲೆ ಮೇಲೆ ಹೋಗುತ್ತಿತ್ತು. ಹಿರಿಯನ ಮಾತು ಮಾ ಪ್ವಾಳ ಎದೆಗೆ ಒದ್ದಂತಾಯಿತು. ಕೂಸನ್ನು ಬಿಟ್ಟು ಏಳಲಾರದೆ ಗಡಿಗೆಯನ್ನು ಅತ್ತೆಗೆ ಕೊಟ್ಟಳು.

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತೊಂದು ದಿನ ಅವ್ರಿಗೆ ಕೊಟ್ಟು ಬನ್ನಿ.”

ಅತ್ತೆ ಹೋದಳು. ಬರಿ ಗಡಿಗೆಯೊಂದಿಗೆ ಬಂದು, “ಕೊಟ್ಟೆ ಕಣೇ,” ಎಂದಳು. ಮಗು ಬದುಕಿತು. ಜ್ವರ ಬಿಡುವವರೆಗೂ ಅತ್ತೆಯೇ ಹೋಗಿ ಬಂದಳು.

ಮಳೆಗಾಲ ಕಳೆದು ದೀಪದ ಹಬ್ಬ ಬಂದ ದಿನ ಕೋ ತಾ ದುನ್ ನಡೆದ. ಯಾರೂ ಹಿಡಿದುಕೊಳ್ಳಲಿಲ್ಲ; ಕುಡಿದವನಂತೆ ಓಲಾಡುತ್ತ, ಆದರೆ ತನ್ನದೇ ಕಾಲ ಮೇಲೆ, ಬಾಗಿಲವರೆಗೂ ಬಂದ. ಮಾ ಪ್ವಾ ಮುಖಕ್ಕೆ ತನಖಾ ಗಂಧ ಬಳಿದುಕೊಂಡು, ಕೂದಲಿಗೆ ಹೂ ಮುಡಿದು ಒಳಗೆ ಕಾದಿದ್ದಳು. ಊರೆಲ್ಲ ನೆರೆದಿತ್ತು. ಹಿರಿಯ ಅಗುಳಿ ತೆಗೆದು ಬಾಗಿಲು ಸರಿಸಿ, ಹೊಸ್ತಿಲ ಮೇಲೆ ಕೈ ಅಡ್ಡ ಇಟ್ಟ.

“ನಡೆದ್ಯಪ್ಪ, ಭೇಷ್. ಒಂದು ಮಾತು. ಪೋ ಟೊ ಅನ್ನ ಮುಟ್ಟಿಲ್ಲ ತಾನೆ?”

“ತಿಂದೆ,” ಎಂದ ಕೋ ತಾ ದುನ್ ಖುಷಿಯಿಂದ. “ಮೀನಿನ ಗೊಜ್ಜು ಚೆನ್ನಾಗಿತ್ತು. ಅಗೀತಾ ಅಗೀತಾ ಗುಂಡು ಬಾಯಿಗೆ ಉದುರ್ತು. ನೋಡಿ!” ಅಂಗೈಯಲ್ಲಿ ಸೀಸದ ಗುಂಡು. “ಮಗೂಗೆ ಆಟಕ್ಕೆ.”

“ಯಾವಾಗ ತಿಂದ್ರಿ?” ಎಂದಳು ಮಾ ಪ್ವಾ. “ಅತ್ತೆ ತಂದುಕೊಡ್ತಿದ್ರಲ್ಲ!”

“ಅಮ್ಮ ಬರ್ಲೇ ಇಲ್ವಲ್ಲ. ಹಸಿವಾಯ್ತು.”

ಅವಳು ತಿರುಗಿದಳು. ಅತ್ತೆ ಮಗುವನ್ನು ಹೊದ್ದ ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಹಿಂದಕ್ಕೆ ಸರಿಯುತ್ತಿದ್ದಳು.

“ಕಳಿಸಿಕೊಟ್ಟೋನಿಗೆ ಮತ್ತೆ ಅನ್ನ ಇಕ್ಕಿದ್ರೆ ಹೋಗ್ತಾನೇನೇ? ನಾಯಿಗೆ ಸುರಿದೆ. ನನ್ನ ಮಗ ಸತ್ತ. ಇದ್ಯಾವುದೋ ಅವನ ಮೈ ಹೊಕ್ಕು ಬಂದಿರೋದು. ನೀನು ಹೋಗ್ತೀಯಾದ್ರೆ ಹೋಗು, ಕೂಸನ್ನ ಕೊಡಲ್ಲ.”

“ಹೋಗೋದಾದ್ರೆ ಈಗ್ಲೇ ಹೋಗಮ್ಮ,” ಎಂದ ಹಿರಿಯ. “ಬಾಗಿಲು ಹಾಕ್ಬೇಕು.”

ಸೀಸದ ಗುಂಡು ಹಿಡಿದ ಕೈ ಇನ್ನೂ ಚಾಚಿಕೊಂಡೇ ಇತ್ತು. ಮಗು ಹಾಲಿಗಾಗಿ ಅತ್ತಿತು. ಮಾ ಪ್ವಾ ಹೆಜ್ಜೆ ಎತ್ತಲಿಲ್ಲ, ಬಾಗಿಲು ಹಾಕಿಕೊಂಡಿತು.

ಗುಂಡು ಬಿದ್ದ ಮುಖ ಹೊತ್ತು ಕೋ ತಾ ದುನ್ ಬಹಳ ವರ್ಷ ಬದುಕಿದ. ಪೋ ಟೊ ಸತ್ತಾಗ ಮೊದಲು ಅವನ ಗುಂಡಿ ತೋಡಿದ, ಆಮೇಲೆ ಊರಿನವರೆಲ್ಲರದೂ. ಅವನನ್ನು ನೋಡಬೇಕೆಂದರೆ ಮಾ ಪ್ವಾ ಯಾರದಾದರೂ ಸಾವಿಗೆ ಕಾಯಬೇಕಿತ್ತು. ಕಾದಳು ಕೂಡ. ಯಾರಿಗಾದರೂ ಕಾಯಿಲೆ ಎಂದರೆ ಅವಳ ಮನಸ್ಸು ಏನೆಂದುಕೊಳ್ಳುತ್ತಿತ್ತೆಂದು ಅವಳು ಯಾರಿಗೂ ಹೇಳಲಿಲ್ಲ.

ಅತ್ತೆ ಸತ್ತಾಗ ಮಗಳು ಮಿ ನ್ಯುನ್ ಮಾ ಪ್ವಾಳ ಸೊಂಟದೆತ್ತರ ಬೆಳೆದಿದ್ದಳು. ಅಪ್ಪ ದಂಡಿನಲ್ಲಿ ಸತ್ತ ಎಂದೇ ಅವಳಿಗೆ ಹೇಳಿದ್ದರು. ಊರಿನ ಯಾರೂ ಬೇರೆ ಮಾತಾಡಿರಲಿಲ್ಲ. ಕೋ ತಾ ದುನ್ ತನ್ನ ತಾಯಿಯ ಗುಂಡಿಯನ್ನು ಅಚ್ಚುಕಟ್ಟಾಗಿ ತೋಡಿ ದೂರ ನಿಂತಿದ್ದ. ಪೆಟ್ಟಿಗೆ ಇಳಿದ ಮೇಲೆ ಲುಂಗಿಯ ಗಂಟಿನಿಂದ ಏನನ್ನೋ ತೆಗೆದು, ಹುಡುಗಿ ನಿಂತ ಕಡೆಗೆ ಮಣ್ಣಿನ ದಿಬ್ಬದ ಮೇಲಿಟ್ಟು, ಅರ್ಧ ಬಾಯಿಯಲ್ಲಿ ನಕ್ಕ.

ಮಿ ನ್ಯುನ್ ಬಗ್ಗಿ ಎತ್ತಿಕೊಂಡಳು. ಸೀಸ, ಒಂದು ಕಡೆ ಚಪ್ಪಟೆ.

“ಅಮ್ಮ, ಆ ಸೊಟ್ಟ ಮುಖದೋನು ಯಾರು?”

ಲು ಗಲೇ ನೋಡುತ್ತಿದ್ದ. ಊ ಷ್ವೆ ಓ ನೋಡುತ್ತಿದ್ದ. ಮಾ ಪ್ವಾ ಮಗಳ ಕೈಗೆ ಫಟ್ಟನೆ ಹೊಡೆದಳು.

“ಗುಂಡಿ ತೋಡೋನು. ಅವ್ರು ಮುಟ್ಟಿದ್ದನ್ನ ಮುಟ್ತೀಯಾ? ಕೈ ತೊಳ್ಕೋ ನಡಿ.”

ಗುಂಡು ಉರುಳಿ ಪೆಟ್ಟಿಗೆಯ ಮೇಲೆ ಟಕ್ಕೆಂದು ಬಿತ್ತು. ಕೋ ತಾ ದುನ್ ಗುದ್ದಲಿ ಎತ್ತಿಕೊಂಡು ಮಣ್ಣು ಎಳೆಯತೊಡಗಿದ.