ಮೆನು ಸರಿಸುತ್ತಿದ್ದ ಟೀಚರ್

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಅರ್ಧ ಮುರಿದಿರುತ್ತಿತ್ತು. ಕಂಪ್ಯೂಟರ್ ಡಬ್ಬಿಯ ಸ್ಕ್ರೂ ತಿರುವಲು ಅವರಿಗೆ ಬೇರೆ ಸಾಮಾನು ಬೇಕಿರಲಿಲ್ಲ. ಶಹಾಪುರದಾಚೆ ಕಾಲುವೆ ದಂಡೆಯಲ್ಲಿದ್ದ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತದ ಟೀಚರ್, ನಾನು ಗುಮಾಸ್ತ. ಮೊದಲೇ ಹೇಳಿಬಿಡುತ್ತೇನೆ, ಆಗ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಶಾಲೆಯಲ್ಲಿ ಹತ್ತು ಕಂಪ್ಯೂಟರುಗಳಿದ್ದವು, ಎಲ್ಲವೂ ಲಿನಕ್ಸಿನವು. ಹೊಸ ಆವೃತ್ತಿ ಹಾಕಿದ ಮೇಲೆ ಒಂದೊಂದು ಏಳಲಿಕ್ಕೆ ಅರ್ಧ ಪೀರಿಯಡ್ ಹಿಡಿಯುತ್ತಿತ್ತು. ಹೆಡ್ ಮಾಸ್ತರರು, "ಗುಜರಿಗೆ ಹಾಕ್ರಿ, ಜಾಗಾ ಆದ್ರೂ ಖಾಲಿ ಆಗ್ತದ" ಎಂದರು. ಪೀಡೆ ಹೋಯಿತೆಂದು ನಾನು ಖುಷಿಯಿಂದ ಗುಜರಿ ಯಾದಿ ಬರೆದೆ. ಒಂದು ಪ್ರತಿ ಮೇಲಿನ ಕಚೇರಿಗೂ ಹೋಯಿತು.

"ಮಷೀನ್ ಸತ್ತಿಲ್ರಿ ಸರ್, ಹೊರಿ ಜಾಸ್ತಿ ಆಗ್ಯಾದ" ಎಂದರು ಟೀಚರ್. ಒಳಗೆ ಮಷೀನ್ ನಡೆಸುವ ಲಿನಕ್ಸ್ ಬೇರೆ, ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಬೇರೆ, ಅದೊಂದನ್ನೇ ಬದಲಿಸಬಹುದಂತೆ. ಯಾದಗಿರಿಗೆ ಹೋಗಿ ಪೆನ್ ಡ್ರೈವಿನಲ್ಲಿ ಹಗುರಾದದ್ದೊಂದು ತಂದು ಹಾಕಿದರು. ಎಕ್ಸ್‌ಎಫ್‌ಸಿಇ ಅಂತೆ, ಹೆಸರೋ, ಬಸ್ಸಿನ ನಂಬರೋ! ಆದರೆ ಸುಳ್ಳು ಯಾಕೆ ಹೇಳಲಿ, ಹತ್ತೂ ಮಷೀನುಗಳು ಥಟ್ಟನೆ ಏಳತೊಡಗಿದವು.

ಅವರು ಕಲಿಸುವ ರೀತಿ ಮಾತ್ರ ವಿಚಿತ್ರ. ಮೆನು ಪಟ್ಟಿಯನ್ನು ಒಂದು ದಿನ ಮೇಲಿಡುವರು, ಮರುದಿನ ಎಡಕ್ಕೆ, ಇನ್ನೊಂದು ದಿನ ಪೂರಾ ತೆಗೆದೇಬಿಡುವರು. ಮಕ್ಕಳು ಗೊಣಗಿದರೆ, "ಜಾಗಾ ಬಾಯಿಪಾಠ ಮಾಡಬ್ಯಾಡ್ರಿ. ಹುಡುಕ್ರಿ, ಸಿಗ್ತದ" ಎನ್ನುವರು.

"ಏನ್ ಹುಚ್ಚಾಟ ಹಚ್ಚೀರಿ ಟೀಚರ್?" ಎಂದು ನಾನೇ ರೇಗಿದ್ದೆ.

ಕಡೆಗೆ ಯಾದಿ ಹಿಡಿದುಕೊಂಡು ಮೇಲಿನ ಕಚೇರಿಯ ಸಾಹೇಬರು ಬಂದರು. ಅಂದು ಟೀಚರ್ ಮೆನು ಪಟ್ಟಿ ತೆಗೆದಿದ್ದ ದಿನ. ಮೌಸ್ ಹಿಡಿದು ಆ ಮೂಲೆ ಈ ಮೂಲೆ ತಡಕಾಡಿದರು. "ಬಟನ್ನೇ ಇಲ್ಲ, ಇದೇನ್ ಕಂಪ್ಯೂಟರಾ? ಎಲ್ಲಾ ಗಾಡಿಗೆ ಹಾಕ್ರಿ!"

ಟೀಚರ್ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದರು. ಕೊಂಕಲ್ ಕಡೆಯ ಕುರಿಗಾರರ ಮನೆಯವಳು. ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿದಳು, ಮೆನು ಬಿಚ್ಚಿಕೊಂಡಿತು. "ಇಲ್ಲೇ ಅದರಿ ಸರ್" ಎಂದಳು.

ಸಾಹೇಬರ ಮುಖ ಕೆಂಪಾಯಿತು. "ಯಾರ್ ಪರ್ಮಿಶನ್ ತಗೊಂಡು ಬದಲಿ ಮಾಡೀರಿ? ನೋಟಿಸ್ ಕೊಡ್ತೀನಿ."

"ಕೊಡ್ರಿ, ತಗೋತೀನಿ. ಮಷೀನ್ ಮಾತ್ರ ಕೊಡಂಗಿಲ್ಲ. ಈ ಮಕ್ಕಳಿಗೆ ಮನ್ಯಾಗ ಇನ್ನೊಂದಿಲ್ರಿ" ಎಂದರು ಟೀಚರ್.

ಸಾಹೇಬರು ಯಾದಿಯನ್ನು ನನ್ನ ಮುಂದೆ ಚಾಚಿದರು. "ನೀವೇ ಬರದೀರಿ, ಸಹಿ ಹಾಕ್ರಿ."

ಇಪ್ಪತ್ತು ವರ್ಷದ ನೌಕರಿಯಲ್ಲಿ 'ಹೌದ್ರಿ' ಬಿಟ್ಟರೆ ಬೇರೆ ಮಾತು ಆಡಿದವನಲ್ಲ ನಾನು. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಯಾದಿಗೆ ಅಡ್ಡಗೆರೆ ಎಳೆದು, 'ಹತ್ತೂ ಚಾಲೂ ಇವೆ' ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದೆ.

ಮಷೀನುಗಳು ಉಳಿದವು. ನೋಟಿಸು ಟೀಚರಿಗೂ ನನಗೂ ಬಂತು. ಅವರಿಗೆ ಸುರಪುರದ ಕಡೆ ವರ್ಗವೂ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಣ್ಣಲ್ಲಿ ನೀರು ಬಂದರೆ ಬೈದರು: "ಅಳಾಕ ಏನಾಗ್ಯಾದ್ರಿ? ಅಲ್ಲೂ ಹಳೇ ಮಷೀನ್ ಇರ್ತಾವ."

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ನನಗಿಂತ ಹತ್ತು ವರ್ಷ ಚಿಕ್ಕವರು. ಅವರ ಕಡೆಯ ಹುಡುಗನೊಬ್ಬ, "ನಿಮಗೇನಾಗಬೇಕ್ರಿ ಅವರು?" ಎಂದು ಕೇಳಿದ.

"ನಾ ಅವರ ಕೈಯಾಗ ಕಲಿತವ" ಎಂದೆ.

ನನ್ನ ಬಿಳಿ ತಲೆ ನೋಡಿ ಅವನಿಗೆ ನಗು ಬಂತು. ನಗಲಿ.